ಆ ಜನರಲ್ ಬೌದ್ಧನೋ ಅಲ್ಲವೋ

ನಮ್ಮ ಯಜಮಾನರಿಗೆ ವಾದ ಅಂದರೆ ಊಟಕ್ಕಿಂತ ಮೇಲು. ಅರಸೀಕೆರೆಯ ನಮ್ಮ ಮನೆಯ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಬುದ್ಧ ವಂದನೆ, ಅದು ಮುಗಿದ ಮೇಲೆ ಚರ್ಚೆ. ವಂದನೆ ಬೇಗ ಮುಗಿಯುತ್ತದೆ. ಚರ್ಚೆ ಮಾತ್ರ ನಾನು ಮಾಡಿಟ್ಟ ಉಪ್ಪಿಟ್ಟಿನ ಪಾತ್ರೆ ತಳ ಕಾಣುವವರೆಗೂ ನಡೆಯುತ್ತದೆ. ಇವರು, ಅಂದರೆ ದೇವರಾಜ್, ಬ್ಯಾಂಕಿನಲ್ಲಿ ಅಧಿಕಾರಿ. ನಾನು ಹೈಸ್ಕೂಲಿನಲ್ಲಿ ಟೀಚರ್. ಇಬ್ಬರೂ ಮದುವೆಗೆ ಮುಂಚೆಯೇ ಬೌದ್ಧ ದೀಕ್ಷೆ ತೆಗೆದುಕೊಂಡವರು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯೇ. ಮುಂದಿನ ಕತೆ ಕೇಳಿ ಯಾರೂ ನಮ್ಮ ಧರ್ಮದ ಕಡೆ ಬೆರಳು ಮಾಡುವುದು ಬೇಡ. ನಾನು ತಲೆ ತಗ್ಗಿಸಿರುವುದು ಧರ್ಮದಿಂದಲ್ಲ, ನಮ್ಮ ಮನೆಯಲ್ಲಿ ನಡೆದದ್ದರಿಂದ.

ಎರಡು ಸಾವಿರದ ಏಳನೇ ಇಸವಿ, ಬರ್ಮಾದಲ್ಲಿ ಗಲಾಟೆಯಾದ ಸಮಯ. ಪೇಪರ್ ಬಿಡಿಸಿದರೆ ಬೀದಿಗಿಳಿದ ಭಿಕ್ಷುಗಳು, ಅವರ ಮೇಲೆ ಲಾಠಿ ಬೀಸುವ ಸೈನಿಕರು. ನಮ್ಮ ಹಾಲ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಅದೇ ದಿನಗಳಲ್ಲಿ ನಮ್ಮತ್ತೆ ಚಲುವಮ್ಮನವರಿಗೆ ಬೇರೊಂದು ಚಿಂತೆ ಹತ್ತಿತ್ತು. ಮಾವ ದ್ಯಾವಯ್ಯ ಆ ಬೇಸಿಗೆಯಲ್ಲಿ ಮಾದಿಹಳ್ಳಿಯಲ್ಲಿ ತೀರಿಕೊಂಡಿದ್ದರು. ಆಮೇಲೆ ಇವರು ಅತ್ತೆಯನ್ನು ನಮ್ಮ ಮನೆಗೆ ಕರೆತಂದರು. ಮಹಾಲಯ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಸತ್ತವರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುವ ದಿನ. ಅತ್ತೆ ಒಮ್ಮೆ ಕೇಳಿದರು, ಇವರು ಆಗಲ್ಲ ಅಂದರು. ಎಡೆ ಇಡುವುದಿಲ್ಲ, ತಿಥಿ ಮಾಡುವುದಿಲ್ಲ ಅಂತ ದೀಕ್ಷೆಯ ದಿನ ನಾವೆಲ್ಲ ಪ್ರತಿಜ್ಞೆ ಮಾಡಿದವರು. ಇನ್ನೊಮ್ಮೆ ಕೇಳಿದಾಗ ಇವರು ಟಿವಿಯ ಸದ್ದು ಜಾಸ್ತಿ ಮಾಡಿದರು. ಅಲ್ಲಿಗೆ ಅತ್ತೆ ಸುಮ್ಮನಾದರು.

ಅಮಾವಾಸ್ಯೆಗೆ ಮುಂಚಿನ ಭಾನುವಾರ ಇಂದ್ರೇಶ್ ಬಂದಿದ್ದ. ಇವರ ಬ್ಯಾಂಕಿನಲ್ಲೇ ಕೆಲಸ ಮಾಡುವವನು, ಮಠಕ್ಕೆ ನಡೆದುಕೊಳ್ಳುವ ತೆಂಗಿನ ತೋಟದ ಮನೆಯವನು. ವಂದನೆಗೆ ಬರುವುದಿಲ್ಲ, ಚರ್ಚೆಗೆ ಮಾತ್ರ ತಪ್ಪದೆ ಹಾಜರು. ಬರ್ಮಾದಲ್ಲಿ ಹೊಡೆಯುತ್ತಿರುವವರೂ ನಿಮ್ಮವರೇ, ಹೊಡೆಸಿಕೊಳ್ಳುತ್ತಿರುವವರೂ ನಿಮ್ಮವರೇ, ಇದೆಂಥ ಧರ್ಮವಪ್ಪಾ ಅಂತ ಶುರು ಮಾಡಿದ. ಹೊಡೆಸುತ್ತಿರುವ, ಆ ದೇಶ ಆಳುವ ಜನರಲ್ ಬೌದ್ಧನೇ ಅಲ್ಲ ಅಂದರು ಇವರು. ಇಂದ್ರೇಶ್ ಬಿಡಬೇಕಲ್ಲ. ಗೋಪುರಗಳಿಗೆ ಚಿನ್ನ ಹೊದಿಸಿದ್ದಾನೆ, ಬುದ್ಧನ ಮುಂದೆ ಮಂಡಿಯೂರುತ್ತಾನೆ, ಹಿರಿಯ ಭಿಕ್ಷುಗಳಿಗೆ ದಾನ ಕೊಡುತ್ತಾನೆ, ಇನ್ನೇನು ಮಾಡಬೇಕಿತ್ತು ಅಂತ ಕೇಳಿದ. ಅದೆಲ್ಲ ನಾಟಕ ಅಂದರು ಇವರು. ನಾಟಕವೋ ನಿಜವಾದ ಭಕ್ತಿಯೋ ನೀನು ಅವನ ಹೊಟ್ಟೆಯೊಳಗೆ ಹೊಕ್ಕು ನೋಡಿದ್ದೀಯಾ, ಧರ್ಮ ಉಳಿಸುತ್ತಿದ್ದೇನೆ ಅಂತಲೇ ಅವನು ನಂಬಿರಬಹುದು ಅಂದ ಅವನು. ಅವನ ದಾನವೇ ಬೇಡ ಅಂತ ಭಿಕ್ಷುಗಳು ಭಿಕ್ಷಾಪಾತ್ರೆ ಬೋರಲು ಹಾಕಿದ್ದಾರಲ್ಲ, ಅದಕ್ಕಿಂತ ಸಾಕ್ಷಿ ಬೇಕೇ ಅಂದರು ಇವರು. ಹೀಗೇ ಜಗ್ಗಾಟ ನಡೆಯಿತು. ನಿವೃತ್ತ ಮೇಷ್ಟ್ರು ಜವರಪ್ಪನವರಿಗೂ ಸಾಕಾಯಿತು. ಪೂಜೆಯಿಂದಲೂ ಗೊತ್ತಾಗಲ್ಲ, ನಂಬಿಕೆಯಿಂದಲೂ ಗೊತ್ತಾಗಲ್ಲ ಅಂದರೆ ಮತ್ತೆ ಯಾವುದರಿಂದ ಗೊತ್ತಾಗುತ್ತೆ, ಅದನ್ನು ಹೇಳಿ ಅಂದರು.

ಇವರು ಎದ್ದು ನಿಂತರು. ಎದ್ದು ನಿಂತರೆಂದರೆ ಒಂದು ಒಳ್ಳೆಯ ಮಾತು ಬರುತ್ತದೆ ಅಂತಲೇ ಲೆಕ್ಕ.

"ಒಬ್ಬ ಮನುಷ್ಯ ಬೌದ್ಧನೋ ಅಲ್ವೋ ಅಂತ ಅವನನ್ನ ಕೇಳಬೇಡಿ. ಅವನ ಕೈಕೆಳಗೆ ಇರೋರನ್ನ ಕೇಳಿ. ಅವರು ಅವನ ಮುಂದೆ ಹೆದರದೆ ಬಾಯಿ ಬಿಡೋ ಹಾಗಿದ್ರೆ ಅವನು ಬೌದ್ಧ. ಇಲ್ದಿದ್ರೆ ಚಿನ್ನದ ಬುದ್ಧನ್ನೇ ಮನೇಲಿಟ್ಕೊಂಡ್ರೂ ಅಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದ್ರೇಶ್ ಸೋತವನ ಹಾಗೆ ಕೈ ಎತ್ತಿದ. ಸುಳ್ಳು ಯಾಕೆ ಹೇಳಲಿ, ನನಗೂ ಎದೆ ತುಂಬಿ ಬಂತು.

ಅತ್ತೆ ಅಡುಗೆ ಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಚಪ್ಪಾಳೆ ನಿಂತ ಮೇಲೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದರು.

"ಹಂಗಾರೆ ನಾನೊಂದ್ ಮಾತು ಕೇಳ್ಲಾ ಮಗ? ಅಮಾಸೆಗೆ ನಿಮ್ಮಪ್ಪಂಗೆ ಒಂದ್ ಎಡೆ ಇಡ್ತೀನಿ ಕಣಪ್ಪ. ಮೊದಲ್ನೇ ವರ್ಸ. ಬಂದು ಹಸ್ಕೊಂಡು ಹೋಗ್ಬಾರ್ದು."

ಹಾಲ್‌ನಲ್ಲಿದ್ದವರೆಲ್ಲ ಇವರ ಕಡೆ ತಿರುಗಿದರು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನಕ್ಕೆ ಪ್ರತಿಜ್ಞೆ ಹೇಳಿಕೊಟ್ಟವರೇ ಇವರು. ಇವರ ಮುಖ ಕೆಂಪಾಯಿತು. ಆಮೇಲೆ ನಕ್ಕರು. ಬರ್ಮಾ ಹೊತ್ತಿ ಉರಿದರೂ ನಮ್ಮಮ್ಮನಿಗೆ ಅಪ್ಪನ ಕೋಳಿ ಸಾರಿನದೇ ಚಿಂತೆ ನೋಡಿ ಅಂದರು. ಹಾಲ್ ಪೂರ್ತಿ ನಕ್ಕಿತು. ಇವರು ನಗುನಗುತ್ತಲೇ ಅಮ್ಮನ ಕಡೆ ಬಾಗಿ, ಬೇರೆಯವರಿಗೆ ಕೇಳಿಸದ ದನಿಯಲ್ಲಿ, ಒಳಗೆ ಹೋಗು ಅಂದರು. ಅತ್ತೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಹೊರಡುವಾಗ ಇಂದ್ರೇಶ್ ಅಡುಗೆ ಮನೆಯ ಬಾಗಿಲಿಗೆ ಬಂದ. ಇವರಿಗೆ ಕೇಳಲಿ ಅಂತಲೇ ಗಟ್ಟಿಯಾಗಿ, ನಮ್ಮ ತೋಟಕ್ಕೆ ಬಾರವ್ವ, ಅಲ್ಲಿ ಎಡೆ ಇಡು, ನಾವೇನು ನಿನ್ನ ಮಗನ ಹಾಗೆ ಜನರಲ್ ಅಲ್ಲ ಅಂದ. ಮತ್ತೆ ಎಲ್ಲರೂ ನಕ್ಕರು. ಸೋತ ವಾದದಲ್ಲಿ ಒಂದು ಏಟು ವಾಪಸ್ ಕೊಟ್ಟ ಖುಷಿ ಅವನಿಗೆ. ಅತ್ತೆ ಮಾತ್ರ ನಗಲಿಲ್ಲ. ತೋಟ ಎಲ್ಲಿ ಬರುತ್ತೆ ಅಂತ ಕೇಳಿ ತಿಳಿದುಕೊಂಡರು.

ಎಲ್ಲರೂ ಹೋದ ಮೇಲೆ ನಾನು ಇವರನ್ನು ಹಿಡಿದು ಜಾಡಿಸಿದೆ. ಹೆತ್ತ ತಾಯಿಯನ್ನು ಅಷ್ಟು ಜನರ ಮುಂದೆ ನಗೆಪಾಟಲು ಮಾಡಿದಿರಲ್ಲ, ಹಿತ್ತಲಲ್ಲಿ ಒಂದು ಎಲೆ ಹಾಕಿಕೊಳ್ಳಲಿ ಬಿಡಿ, ಏನು ಗಂಟು ಹೋಗುತ್ತೆ ಅಂದೆ. ಇವರು ಕಿಟಕಿಯ ಕಡೆ ತಿರುಗಿಕೊಂಡು ಅಂದರು.

"ನಮ್ಮಪ್ಪ ಬದುಕಿರೋವರೆಗೂ ಗುಡಿ ಆಚೆ, ಗೌಡ್ರ ಮನೆ ಆಚೆ ನಿಂತು, ಹಾಕಿದ್ದನ್ನ ತಿಂದೋರು ಚಿತ್ರಾ. ಸತ್ತ ಮೇಲೂ ಬಾಗಿಲಾಚೆ ಬಂದು ನಿಂತ್ಕೊಂಡು ಊಟಕ್ಕೆ ಕಾಯ್ತಾರೆ ಅಂತ ನಾನು ನಂಬಬೇಕಾ?"

ಆ ಮಾತನ್ನು ಅಮ್ಮನಿಗೆ ಹೇಳಿದ್ದೀರಾ ಅಂತ ಕೇಳಬೇಕಿತ್ತು. ಅದು ಹೊಳೆದದ್ದು ಆಮೇಲೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅತ್ತೆ ಒಂದು ಚೀಲ ಹಿಡಿದು ಹೊರಟು ನಿಂತರು. ಮಾದಿಹಳ್ಳಿಯಲ್ಲಿ ತಂಗಿಯನ್ನು ನೋಡಿಕೊಂಡು ಸಂಜೆಗೆ ಬಂದುಬಿಡುತ್ತೇನೆ ಅಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು, ನನ್ನ ಮುಖ ನೋಡದೆ ಹೇಳಿದರು. ಮಧ್ಯಾಹ್ನ ಇಂದ್ರೇಶನ ಸ್ಕೂಟರ್ ಬಂದು ಗೇಟಿನ ಮುಂದೆ ನಿಂತಿತು. ಅವನು ಒಳಗೆ ಬರಲಿಲ್ಲ. ನಿಮ್ಮತ್ತೆ ತೋಟಕ್ಕೆ ಬಂದಿದ್ದಾರೆ ಮೇಡಂ ಅಂದ. ನಾನು ತಮಾಷೆಗೆ ಅಂದದ್ದು, ಅವರು ನಿಜ ಅಂದುಕೊಂಡುಬಿಟ್ಟಿದ್ದಾರೆ ಅಂದ. ಅವನ ತಾಯಿ ಗುರುಸಿದ್ದಮ್ಮನವರು ಕೋಳಿ ಕಂಡು ರೇಗಾಡಿದರಂತೆ. ಮನೆ ಹತ್ತಿರ ಬೇಡ, ಕೊಬ್ಬರಿ ಶೆಡ್ಡಿನ ಹತ್ತಿರವೂ ಬೇಡ, ಬೇಲಿಯಾಚೆ ತೆಂಗಿನ ಸಿಪ್ಪೆ ಗುಡ್ಡೆ ಇದೆ, ಅದರ ಹಿಂದೆ ಏನಾದರೂ ಮಾಡಿಕೊಳ್ಳಲಿ ಅಂದರಂತೆ.

ನೀವೇನು ಮಾಡಿದಿರಿ ಅಂತ ಕೇಳಿದೆ.

"ನಮ್ಮಮ್ಮನಿಗೆ ನಾನು ಹೇಳೋಕಾಗಲ್ಲ ಮೇಡಂ" ಅಂದ.

ಬರ್ಮಾದ ಜನರಲ್‌ಗೆ ಹೇಳಕ್ಕಾಗುತ್ತೆ ಅಲ್ವಾ ಅಂತ ನಾನು ಅಂದದ್ದು ಇವರಿಗೂ ಕೇಳಿಸಿತು. ಅಮಾವಾಸ್ಯೆಗೆ ಎಲ್ಲರಿಗೂ ರಜೆ, ಇವರೂ ಮನೆಯಲ್ಲೇ ಇದ್ದರು. ಚಪ್ಪಲಿ ಮೆಟ್ಟಿಕೊಂಡು ಬೈಕ್ ತೆಗೆದರು. ನಾನೂ ಹಿಂದೆ ಹತ್ತಿ ಕೂತೆ. ಯಾರ ಬಾಗಿಲಾಚೆಯೂ ನಿಲ್ಲಬಾರದು ಅಂತ ದೀಕ್ಷೆ ತೆಗೆದುಕೊಂಡವನ ತಾಯಿ ಯಾರದೋ ಬೇಲಿಯಾಚೆ ಒಲೆ ಹೂಡಿದ್ದಾರೆ, ಅಲ್ಲಿಗೆ ಅವರನ್ನು ಅಟ್ಟಿದವರು ನಾವು. ನನಗೆ ಎಷ್ಟು ಅವಮಾನವಾಗಿತ್ತೆಂದರೆ ಎದುರಿಗೆ ಸಿಕ್ಕ ಶಾಲೆಯ ಮಕ್ಕಳು ನಮಸ್ಕಾರ ಮಿಸ್ ಅಂದರೂ ಮುಖ ಎತ್ತಲಿಲ್ಲ.

ಸಿಪ್ಪೆ ಗುಡ್ಡೆಯ ಹಿಂದೆ ಮೂರು ಕಲ್ಲಿನ ಒಲೆ ಇನ್ನೂ ಹೊಗೆಯಾಡುತ್ತಿತ್ತು. ಬಾಳೆ ಎಲೆಯ ಮೇಲೆ ಮುದ್ದೆ, ಕೋಳಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಮಡಿಸಿಟ್ಟ ಹೊಸ ಪಂಚೆ. ಅತ್ತೆ ನಮಗೆ ಬೆನ್ನು ಮಾಡಿ ಕೂತು ಮಾವನ ಜೊತೆ ಮಾತಾಡುತ್ತಿದ್ದರು. ದೇವ ಚೆನ್ನಾಗವ್ನೆ, ದೊಡ್ಡ ಆಪೀಸರು, ಅವನ ಮಾತು ಕೇಳಕ್ಕೆ ಮನೆ ತುಂಬ ಜನ ಬತ್ತಾರೆ ಅಂತ ಹೇಳುತ್ತಿದ್ದರು. ಮಗನ ಮೇಲೆ ಒಂದೇ ಒಂದು ದೂರೂ ಇರಲಿಲ್ಲ.

ಹೆಜ್ಜೆ ಸದ್ದಿಗೆ ತಿರುಗಿ ನೋಡಿದರು. ಇವರನ್ನು ಕಂಡದ್ದೇ ಗಾಬರಿಯಿಂದ ಎದ್ದು ನಿಂತರು. ಎರಡೂ ಕೈ ಜೋಡಿಸಿದರು.

"ತಪ್ಪಾಯ್ತು ಬುದ್ದಿ. ಈಗ್ಲೇ ತಗ್ದ್‌ಬುಡ್ತೀನಿ."

ಬುದ್ದಿ ಅನ್ನುವುದು ಊರಿನಲ್ಲಿ ಅತ್ತೆ ಮಾವ ಇಬ್ಬರೂ ಗೌಡರ ಮುಂದೆ ಆಡುತ್ತಿದ್ದ ಮಾತು. ಮಗನನ್ನು ಅವರು ಹಾಗೆ ಕರೆದದ್ದು ನಾನೆಂದೂ ಕೇಳಿರಲಿಲ್ಲ. ಬೇಕು ಅಂತ ಚುಚ್ಚಿ ಆಡಿದ್ದಲ್ಲ, ಭಯಕ್ಕೆ ಬಾಯಿಂದ ತಾನಾಗಿ ಬಂದುಬಿಟ್ಟದ್ದು. ಅತ್ತೆ ಬಗ್ಗಿ ಬಿಸಿ ಮುದ್ದೆಯನ್ನು ಬರಿಗೈಯಲ್ಲಿ ಎತ್ತಿ ಪಾತ್ರೆಗೆ ಹಾಕತೊಡಗಿದರು. ಆ ಅವಸರಕ್ಕೆ ಸಾರು ಹೊಸ ಪಂಚೆಯ ಮೇಲೆ ಚೆಲ್ಲಿತು.

ಇವರ ಕಣ್ಣಲ್ಲಿ ನೀರು ತುಂಬಿತ್ತು. "ಬೇಡವ್ವ, ತೆಗೀಬೇಡ" ಅಂದರು. ಎಷ್ಟು ಮೆತ್ತಗೆ ಅನ್ನಲು ಸಾಧ್ಯವೋ ಅಷ್ಟು ಮೆತ್ತಗೆ ಅಂದರು.

ಅತ್ತೆಯ ಕೈ ತಕ್ಷಣ ನಿಂತಿತು. ಅರ್ಧ ಎತ್ತಿದ ಮುದ್ದೆಯನ್ನು ಎಲೆಯ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ತಲೆ ತಗ್ಗಿಸಿ ನಿಂತರು. ಮುಂದೆ ಏನು ಮಾಡಬೇಕು ಅಂತ ಇವರೇ ಹೇಳಲಿ ಎಂದು ಕಾಯುತ್ತಿದ್ದರು.