ಮಂಗಳ ಉಳಿದ ಪುರಾಣ

ಭಾಗ್ಯನಗರದ ವಾಣಿಶ್ರೀ ಶ್ರಾವಣಪೂರ್ತಿ ಪುರಾಣದ ಪದ್ಯಗಳನ್ನು ಹಾಡಿ, ಫೋನಿನಲ್ಲಿ ಹಿಡಿದುಕೊಟ್ಟಳು. ಮೈದುನ ಕೊಟ್ರೇಶ ಪುಸ್ತಕ ನೋಡಿ ಅರ್ಥ ಹೇಳಿ, ಅವಳ ಹಾಡಿನ ಜೊತೆ ಸೇರಿಸಿ ತನ್ನ ಪಾಡ್‌ಕಾಸ್ಟಿಗೆ ಹಾಕಿದ. ಅವಳ ಹೆಸರು ಒಮ್ಮೆಯೂ ಎತ್ತಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲೆಲ್ಲ ಅವನದೇ ಮಾತು. ಯಾಕೆಂದು ಅವಳು ಕೇಳಿದ್ದಕ್ಕೆ, “ಹಾಡೋರು ಬೇಕಾದಷ್ಟು ಸಿಗ್ತಾರ್ರಿ ವೈನಿ, ಜನ ಬರೋದು ನನ್ನ ಮಾತಿಗೆ” ಎಂದು ನಕ್ಕ.

ವಾಣಿಶ್ರೀ ಒಳಗೇ ಕುದಿದಳು. ಕೊನೆಯ ಅಧ್ಯಾಯವನ್ನು ಹಾಡಿಕೊಟ್ಟಳು, ಮುಗಿತಾಯದ ಮಂಗಳದ ಪದ್ಯವನ್ನು ಮಾತ್ರ ಬಿಟ್ಟಳು. ಅವಳ ಹಾಡನ್ನು ಎಂದೂ ಪೂರ್ತಿ ಕೇಳದ ಕೊಟ್ರೇಶ ಹಾಗೆಯೇ ಹಾಕಿಬಿಟ್ಟ.

ಮಂಗಳವಾಗದೆ ಪುರಾಣದಿಂದ ಏಳುವುದು ಆ ಸೀಮೆಯಲ್ಲಿ ದೊಡ್ಡ ಅಪಚಾರ. ಅವನ ಫೋನಿಗೆ ಬಿಡುವೇ ಇಲ್ಲದಾಯಿತು. “ಏನ್ರಿ ಪಂಡಿತರ, ಮಂಗಳ ನುಂಗಿ ನೀರು ಕುಡದ್ರೇನು? ನಮ್ಮವ್ವ ಉಪಾಸ ಕುಂತಾಳ, ಊಟಕ್ಕ ಏಳವಲ್ಲಳು!” ಎಂದು ಕುಷ್ಟಗಿಯಿಂದ ಒಬ್ಬ ಗದರಿದ.

ಕೊಟ್ರೇಶ ಓಡಿ ಬಂದ. “ವೈನಿ, ಕಾಲಿಗೆ ಬೀಳ್ತೀನಿ, ಮಂಗಳ ಹಾಡ್ರಿ!”

“ಮುಂಜಾನೆನ ಹಾಡೀನಪ್ಪಾ. ನನ್ನ ಹೆಸರಿಲೆ ಬ್ಯಾರೆ ಪಾಡ್‌ಕಾಸ್ಟ್ ಮಾಡಿ ಹಾಕೇನಿ.”

“ಅದು ಯಾರಿಗೆ ಗೊತ್ತೈತ್ರಿ?”

“ನೀನ ಹೇಳು,” ವಾಣಿಶ್ರೀ ದೇವರ ದೀಪಕ್ಕೆ ಎಣ್ಣೆ ಹಾಕುತ್ತ ಅಂದಳು. “ನನ್ನ ಹೆಸರು ಹೇಳಿ, ಎಲ್ಲಾರನ್ನೂ ನನ್ನ ಕಡೆ ಕಳಸು. ಜನ ಬರೋದು ನಿನ್ನ ಮಾತಿಗಲ್ಲೇನು?”