ಅಕ್ಕನ ಗಿಡ, ತಂಗಿಯ ಗಿಡ

ಟೈಲರಕ್ಕ ಎರಡು ಬೆರಳನ್ನು ಮಣ್ಣೊಳಗೆ ತೂರಿಸಿ ಗಿಡದ ಬುಡ ಕೆದಕುತ್ತಿದ್ದಳು. ಒಳಗೆ ನಡುಮನೆಯಲ್ಲಿ ತಂಗಿಯ ಹೆಣ ಮಲಗಿತ್ತು. ಅತ್ತ ಹೋಗದೆ ಗೇಟಿನಿಂದ ನೇರ ಗಿಡದ ಹತ್ತಿರವೇ ಬಂದಿದ್ದಳು ಮಹಾರಾಯ್ತಿ. ಮೂಳೆಪುಡಿಯೋ, ಮೀನಿನ ತಲೆಯೋ, ಮೊಟ್ಟೆಯ ಚಿಪ್ಪೋ, ಏನಾದರೊಂದು ಇಲ್ಲಿ ಇರಲೇಬೇಕು. ಏನೂ ಹಾಕದೆ ಒಂದು ಗಿಡ ವರ್ಷಾವರ್ಷ ಹೀಗೆ ಹೂ ಬಿಡುವುದುಂಟೆ?

ಆಳೆತ್ತರದ ಗಿಡ. ಗಂಟೆಯಾಕಾರದ ಗುಲಾಬಿ ಬಣ್ಣದ ಹೂಗಳು ಎಲೆಯೇ ಕಾಣದಷ್ಟು ತುಂಬಿಕೊಂಡಿದ್ದವು. ಸಾವಿನ ಮನೆ ಎಂಬ ಪರಿವೆಯೇ ಇಲ್ಲದೆ ಅದು ಕಾಂಪೌಂಡು ದಾಟಿ ಬೀದಿಗೆ ಬಾಗಿತ್ತು. ಬಂದವರೆಲ್ಲ ಒಳಗೆ ಹೋಗುವ ಮುಂಚೆ ಒಮ್ಮೆ ಅದನ್ನು ನೋಡಿಯೇ ಹೋಗುತ್ತಿದ್ದರು.

"ಅಕ್ಕಾ, ಏನಾದ್ರೂ ಬೀಳಿಸ್ಕೊಂಡ್ರಾ?" ಪಕ್ಕದ ಮನೆಯ ನರ್ಸು ಬಗ್ಗಿ ಕೇಳಿದಳು.

"ಹೂಂ... ಓಲೆ ತಿರುಪು."

"ಅಯ್ಯೋ ಪಾಪ, ತಾಳಿ, ನಾನೂ ಹುಡುಕ್ತೀನಿ," ಎಂದು ನರ್ಸು ಮಂಡಿಯೂರಿಯೇಬಿಟ್ಟಳು. ಇನ್ನೇನು ಮಾಡುವುದು? ಇಲ್ಲದ ತಿರುಪನ್ನು ಇಬ್ಬರೂ ಸೇರಿ ಹುಡುಕಬೇಕಾಯಿತು.

"ಎಂಥಾ ಕೈ ನೋಡಿ ನಿಮ್ಮ ತಂಗೀದು," ನರ್ಸು ಮೂಗು ಒರೆಸಿಕೊಂಡಳು. "ಒಣ ಕಡ್ಡಿ ನೆಟ್ರೂ ಹೂ ಬಿಡ್ತಿತ್ತು."

ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸತ್ತ ಮೇಲೂ ಅದೇ ರಾಗ! "ಕೈಯೂ ಇಲ್ಲ, ಕಾಲೂ ಇಲ್ಲ. ಎಲ್ಲಾ ಮಣ್ಣಿನ ಗುಣ. ಈ ಕಡೆ ಮಣ್ಣು ಚೆನ್ನಾಗಿದೆ."

"ನಮ್ಮದೂ ಇದೇ ಮಣ್ಣೇ ಅಲ್ವಾ ಅಕ್ಕ? ನಮ್ಮಲ್ಲಿ ಹುಲ್ಲೂ ನೆಟ್ಟಗೆ ಬರಲ್ಲ."

* * *

ಗಿಡ ಅವರಮ್ಮನದು. ಇಬ್ಬರು ಹೆಣ್ಣುಮಕ್ಕಳೂ ಬೇರೆ ಮನೆ ಮಾಡಿಕೊಂಡು ಹೊರಟಾಗ ಅಮ್ಮ ಹಿತ್ತಲಿನ ಗಿಡದ ಒಂದೇ ಕೊಂಬೆಯಿಂದ ಎರಡು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದಳು. "ಚಳಿಗೆ ಎಲೆಯೆಲ್ಲಾ ಉದುರಿಸ್ಕೊಂಡು ಸತ್ತ ಹಾಗೆ ನಿಲ್ಲತ್ತೆ, ಹೆದರಬೇಡಿ. ಅಷ್ಟು ಸುಲಭಕ್ಕೆ ಸಾಯೋ ಜಾತಿ ಅಲ್ಲ ಇದು," ಎಂದಿದ್ದಳು. ದಪ್ಪ ಕಡ್ಡಿಯನ್ನು ಅಕ್ಕ ಮೊದಲೇ ಎತ್ತಿಕೊಂಡಳು. ಮಿಕ್ಕಿದ್ದು ತಂಗಿಗೆ.

ಹೂ ಬಿಟ್ಟದ್ದು ಮಾತ್ರ ತಂಗಿಯ ಕಡ್ಡಿ.

ಅಕ್ಕನದು ಹೊಲಿಗೆ ಕೆಲಸ. ಜೋತಾಡುವ ಒಂದು ದಾರ ಕಂಡರೂ ಅವಳಿಗೆ ಊಟ ಸೇರದು. ಚಳಿಗಾಲದಲ್ಲಿ ಎಲೆ ಉದುರಿ, ಅಡ್ಡಾದಿಡ್ಡಿ ಕಡ್ಡಿಗಳು ಬರಿದಾಗಿ ಕಂಡಾಗ ಕೈ ತಡೆಯುತ್ತಿರಲಿಲ್ಲ. ಪ್ರತಿ ವರ್ಷ ಕತ್ತರಿಸಿ, ಕತ್ತರಿಸಿ, ಗಿಡವನ್ನು ದುಂಡಗೆ ಮಾಡಿ ನಿಲ್ಲಿಸುತ್ತಿದ್ದಳು. ಬೆಚ್ಚಗಾದ ಮೇಲೆ ಎಲೆ ಸೊಂಪಾಗಿ ಬರುತ್ತಿತ್ತು. ಹೂ ಮಾತ್ರ ಅಲ್ಲೊಂದು ಇಲ್ಲೊಂದು, ಅದೂ ಬುಡದಲ್ಲಿ, ಯಾರಿಗೂ ಕಾಣದ ಹಾಗೆ.

ತಂಗಿಗೆ ಅಚ್ಚುಕಟ್ಟು ಎಂದರೇನೆಂದೇ ಗೊತ್ತಿರಲಿಲ್ಲ. ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಕೊಡುವ ಕೆಲಸ, ತೋಳಿನ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಓಡುವವಳು. ಹೂ ಬಿಟ್ಟ ಕಾಲದಲ್ಲಿ ಟಿಕೆಟ್ಟಿನ ಕಿಟಕಿಯಲ್ಲಿ ಗಾಜಿನ ಲೋಟ ಇಟ್ಟು ಒಂದು ಗೊಂಚಲು ಸಿಕ್ಕಿಸುತ್ತಿದ್ದಳು. ಸಾಲಿನಲ್ಲಿ ನಿಂತವರು ಅದನ್ನು ನೋಡಿಕೊಂಡು ಬಂದು ಟೈಲರಕ್ಕನ ಅಂಗಡಿಯಲ್ಲಿ ಅಳತೆ ಕೊಡಲು ನಿಲ್ಲುವರು. "ನಿಮ್ಮ ತಂಗಿ ಮನೆ ಹೂ ನೋಡಿದ್ರಾ? ನಿಮ್ಮಲ್ಲಿ ಇಲ್ವಾ ಆ ಗಿಡ?" ಟೈಲರಕ್ಕ ಟೇಪನ್ನು ಉಸಿರು ಕಟ್ಟುವಷ್ಟು ಎಳೆಯುತ್ತಿದ್ದಳು.

ಒಂದು ಚಳಿಗಾಲದಲ್ಲಿ ತಂಗಿ ಬಂದಾಗ ಅಕ್ಕ ಕತ್ತರಿ ಹಿಡಿದು ಗಿಡದ ಮುಂದೆ ನಿಂತಿದ್ದಳು.

"ಅಕ್ಕಾ, ಈಗ ಕತ್ತರಿಸಬೇಡ ಕಣೇ. ಹೂವೆಲ್ಲಾ ಆ ಹಳೇ ಕಡ್ಡಿಯಲ್ಲೇ ಬರೋದು. ಹೂ ಮುಗಿದ ಮೇಲೆ ಕತ್ತರಿಸು."

ಓಹೋ! ನನ್ನ ಗಿಡವೂ ಇವಳ ತಲೆಗೂದಲಿನ ಹಾಗೆ ಕೆದರಿಕೊಂಡು ನಿಲ್ಲಲಿ ಅಂತಲೋ? "ಆಯ್ತಮ್ಮಾ, ದೊಡ್ಡ ತೋಟಗಾರ್ತಿ," ಎಂದಳು ಅಕ್ಕ. ತಂಗಿ ಬೆನ್ನು ತಿರುಗಿಸಿದ ಮೇಲೆ ಗಿಡವನ್ನು ಇನ್ನೂ ಗಿಡ್ಡ ಮಾಡಿದಳು. ತಂಗಿ ಮತ್ತೆಂದೂ ಆ ಮಾತೆತ್ತಲಿಲ್ಲ.

* * *

ಜನ ಬರುತ್ತಲೇ ಇದ್ದರು. ಟಿಕೆಟ್ ಕೊಡುತ್ತಿದ್ದವಳ ಸಾವಿಗೆ ಇಷ್ಟೊಂದು ಜನವೇ? ನಾಳೆ ನಾನು ಸತ್ತರೆ ಯಾರು ಬಂದಾರು? ಬಂದವರೂ ಹೊಲಿಯಲು ಕೊಟ್ಟ ಬಟ್ಟೆ ಎಲ್ಲಿ ಅಂತಲೇ ಕೇಳಿಯಾರು. ಟೈಲರಕ್ಕ ಮತ್ತೆ ಬುಡ ಕೆದಕಿದಳು.

ತಂಗಿಯ ಮಗಳು ಹೊರಗೆ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ದೊಡ್ಡಮ್ಮಾ, ಇಲ್ಲಿದ್ದೀರಾ? ಅಮ್ಮನ ಮೇಲೆ ಹಾಕೋಕೆ ಹೂ ಬೇಕು. ನೀವೇ ಕತ್ತರಿಸಿ ಕೊಡಿ."

"ಈಗ ಕತ್ತರಿಸಿದ್ರೆ ಗಿಡ ಹಾಳಾಗಲ್ವೇನೇ?" ಕೇಳಿದ್ದೇನೋ ಕಾಳಜಿಯಿಂದ, ಒಳಗಿದ್ದದ್ದು ಹಾಳಾದರೆ ಆಗಲಿ ಎಂಬ ಆಸೆ.

"ಇಲ್ಲ ದೊಡ್ಡಮ್ಮ, ಇದನ್ನ ಹೂ ಬಿಟ್ಟ ಮೇಲೇ ಕತ್ತರಿಸೋದು. ಚಳಿಗೆ ಬೋಳಾಗಿದ್ದಾಗ ಕತ್ತರಿ ಮುಟ್ಟಿಸಿದ್ರೆ ಆ ವರ್ಷದ ಹೂ ಹೋಯ್ತು ಅಂತಲೇ."

"ಗೊಬ್ಬರ ಏನು ಹಾಕ್ತಿದ್ಲು?"

"ಎಲ್ಲಿಯ ಗೊಬ್ಬರ? ನೀರು ಹಾಕೋದೇ ಮರೀತಿದ್ಲು."

ಟೈಲರಕ್ಕ ಬೆರಳಿನ ಮಣ್ಣನ್ನು ನೋಡಿಕೊಂಡಳು. "ಹಂಗಾದ್ರೆ ಅವತ್ತು ಅವಳು ನಿಜಾನೇ ಹೇಳಿದ್ದು."

ಮಗಳು ಪಕ್ಕದಲ್ಲಿ ಕುಕ್ಕರಿಸಿ ಕೂತಳು. "ಬೇಜಾರು ಮಾಡ್ಕೋಬೇಡಿ. ಹೋದ ವಾರ ಆಸ್ಪತ್ರೇಲಿ ಅಮ್ಮಾನೇ ಹೇಳಿದ್ಲು. 'ಒಂದು ಸಲ ಹೇಳಿದೆ ಕಣೇ, ಅಕ್ಕ ಕೇಳಲಿಲ್ಲ. ಎರಡನೇ ಸಲ ಬೇಕಂತಲೇ ಹೇಳಲಿಲ್ಲ. ಅವಳ ಗಿಡದಲ್ಲಿ ಹೂ ಇಲ್ಲದ್ದು ನೋಡಿದ್ರೆ ಒಳಗೊಳಗೇ ಖುಷಿಯಾಗ್ತಿತ್ತು' ಅಂದ್ಲು."

"ಖುಷಿ?"

"'ಎಲ್ಲದರಲ್ಲೂ ಅವಳೇ ಮುಂದೆ. ಕೈಯಲ್ಲಿ ವಿದ್ಯೆ, ಸ್ವಂತ ಅಂಗಡಿ. ನಮ್ಮಮ್ಮ ಕೊನೆಗಾಲಕ್ಕೆ ಹೋಗಿ ಸೇರಿದ್ದೂ ಅವಳ ಮನೇನೇ. ಇದೊಂದು ಹೂವಾದ್ರೂ ನಂದೇ ಇರಲಿ ಅಂತ ಇಟ್ಕೊಂಡೆ' ಅಂತ."

"ಏನಂದೆ? ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿತ್ತಾ?"

"ಬೇಕಾದಷ್ಟು."

"ಇನ್ನೊಂದ್ಸಲ ಹೇಳು."

ಮಗಳು ಮತ್ತೆ ಹೇಳಿದಳು. ಟೈಲರಕ್ಕ ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಕಳ್ಳಿ! ನನ್ನ ಅನುಮಾನ ಸುಳ್ಳಾಗಿರಲಿಲ್ಲ! ಎಷ್ಟು ವರ್ಷದಿಂದ ಈ ಬೆಂಕಿಯನ್ನು ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದಳು, ಇಬ್ಬರೂ ಹೊತ್ತಿದ್ದರಲ್ಲ! ತಡೆಯಲಾರದಷ್ಟು ನಗು ಬಂತು. ಸಾವಿನ ಮನೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಗಿಡದ ಮರೆಯಲ್ಲಿ ಭುಜ ಕುಲುಕಿಸುತ್ತ ಕೂತುಬಿಟ್ಟಳು.

ಅಷ್ಟು ದೂರದಲ್ಲಿ ಇನ್ನೂ ತಿರುಪು ಹುಡುಕುತ್ತಿದ್ದ ನರ್ಸು ಓಡಿಬಂದು ಬೆನ್ನು ಸವರಿದಳು. "ಅತ್ತುಬಿಡಿ ಅಕ್ಕ, ಒಳಗೇ ಇಟ್ಕೋಬೇಡಿ." ಆ ಕೈ ಬೆನ್ನಿಗೆ ತಾಗಿದ್ದೇ, ನಗುತ್ತಿದ್ದವಳಿಗೆ ನಿಜವಾಗಿಯೂ ಅಳು ಬಂತು.

ಎದ್ದು, ಕತ್ತರಿ ತರಿಸಿಕೊಂಡು, ಗೊಂಚಲು ಗೊಂಚಲಾಗಿ ಕತ್ತರಿಸಿ ಕೊಟ್ಟಳು. ನರ್ಸೂ ಮಗಳೂ ತಬ್ಬಿ ತಬ್ಬಿ ಒಳಗೆ ಸಾಗಿಸಿದರು. ಗಿಡ ಅರ್ಧವಾಯಿತು.

ಗಾಡಿ ಬಂತು. ಹೆಣದ ಪಕ್ಕದ ಸೀಟಿನಲ್ಲಿ ತಂಗಿಯ ಗಂಡ ಕೂತ. ಇನ್ನೊಬ್ಬರಿಗೆ ಜಾಗವಿತ್ತು. ಥಿಯೇಟರಿನ ಗೇಟ್ ಕಾಯುವವನು ಕಣ್ಣೊರೆಸಿಕೊಳ್ಳುತ್ತ ಆಗಲೇ ಒಂದು ಕಾಲು ಒಳಗಿಟ್ಟಿದ್ದ. ಟೈಲರಕ್ಕ ಅವನ ಅಂಗಿ ಹಿಡಿದು ಎಳೆದಳು.

"ಇಳೀರಿ."

"ನಾವು ಒಟ್ಟಿಗೇ ಕೆಲಸ ಮಾಡಿದೋರು ಅಮ್ಮ..."

"ನಾವು ಒಟ್ಟಿಗೇ ಬೆಳೆದೋರು. ಇಳೀರಿ ಅಂದೆ."

ಅವನು ಇಳಿದ. ಗಾಡಿ ಹೊರಟಿತು. ಎದುರಿಗೆ ಬರಿಯ ಹೂವಿನ ರಾಶಿ. ತಲೆಯಿಂದ ಕಾಲಿನವರೆಗೆ ಗುಲಾಬಿ ಬಣ್ಣ, ಗಾಡಿ ಕುಲುಕಿದಾಗಲೆಲ್ಲ ಅದೂ ಕುಲುಕುತ್ತಿತ್ತು. ಟೈಲರಕ್ಕ ಅದರ ಮೇಲೆ ಬಗ್ಗಿದಳು.

"ಇನ್ನೊಂದ್ಸಲ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಗದರಿದಳು. "ಇನ್ನೊಂದೇ ಒಂದು ಸಲ?"

ತಲೆಯ ಕಡೆಯಿಂದ ಒಂದು ಗೊಂಚಲು ತೆಗೆದು ಕೆಳಗಿಟ್ಟಳು. ಆಮೇಲೆ ಇನ್ನೊಂದು.

"ಇರಲಿ ಬಿಡಿ ಅಕ್ಕ," ಎಂದ ತಂಗಿಯ ಗಂಡ. "ಹೂ ಎಷ್ಟು ಚೆನ್ನಾಗಿ ಕಾಣ್ತಿದೆ."

"ಹೂ ನೋಡಿ ನೋಡಿ ಸಾಕಾಗಿದೆ ನಂಗೆ," ಎಂದು ಟೈಲರಕ್ಕ ಎರಡೂ ಕೈಯಲ್ಲಿ ಹೂವನ್ನು ಸರಿಸುತ್ತ ಹೋದಳು, ತಂಗಿಯ ಹಣೆ ಕಂಡಿತು, ಹುಬ್ಬು ಕಂಡಿತು, ಇನ್ನೂ ಸರಿಸಿದಳು.