ಉಸಿರಾಡುವ ಬೀದಿ

ನಮ್ಮ ಪುರಸಭೆ ಅಧ್ಯಕ್ಷರಿಗೆ ಭಾಷಣ ಬರೆದುಕೊಡುವ ಗುಮಾಸ್ತ ನಾನು. ತೆರಿಗೆ ಏರಿದರೆ ‘ಜನರ ಪಾಲುದಾರಿಕೆ ಹೆಚ್ಚಿದೆ’ ಎಂದು ಬರೆಯುತ್ತೇನೆ. ರಸ್ತೆ ಹಾಳಾದರೆ ‘ಪರಿವರ್ತನೆಯ ಹಂತದಲ್ಲಿದೆ’ ಎನ್ನುತ್ತೇನೆ. ಚಪ್ಪಾಳೆ ಬೀಳದ ಸಭೆಯೇ ಇಲ್ಲ. ಸುಳ್ಳೇಕೆ, ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ನಿನ್ನೆಯ ಸಭೆಗೆ ಬರೆದದ್ದು ಇದು: ‘ಇಕ್ಕಟ್ಟಿನಲ್ಲಿ ನರಳುತ್ತಿರುವ ನಮ್ಮ ಹಳೇ ಬೀದಿ ಇನ್ನು ಎದೆ ತುಂಬ ಉಸಿರಾಡಲಿದೆ!’ ಅಧ್ಯಕ್ಷರು ಕೈಯೆತ್ತಿ ಮೂರು ಸಲ ಹೇಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನನ್ನ ಅಕ್ಕ. ರಸ್ತೆ ಅಗಲ ಮಾಡಲು ಆ ಬೀದಿಯ ಹನ್ನೊಂದು ಅಂಗಡಿ ಒಡೆಯುತ್ತಾರೆ. ಅಕ್ಕನ ಹೊಲಿಗೆ ಅಂಗಡಿಯೂ ಅದರಲ್ಲಿ ಒಂದು. ಅದು ಯಾರಿಗೂ ತಿಳಿಯದ ಹಾಗೆ ಬರೆದ ಮಹಾಜಾಣ ನಾನೇ.

ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದವನೇ ಅವಳ ಅಂಗಡಿಗೆ ಹೋದೆ.

“ಅಕ್ಕ, ಆ ಉಸಿರಾಡೋ ವಿಷಯ...”

“ಎಷ್ಟು ಚೆನ್ನಾಗಿ ಬರ್ದಿದ್ಯೋ! ಚರಂಡಿ ಮುಚ್ಚಿಸ್ತಾರೆ ತಾನೆ?”

“ಇಲ್ಲ ಕಣೆ. ಸೋಮವಾರ ನಿನ್ನ ಅಂಗಡಿ ಒಡೀತಾರೆ.”

ಅಕ್ಕ ಅಳತೆ ಟೇಪು ತೆಗೆದು ನನ್ನ ಬೆನ್ನಿಗೆ ಎರಡು ಬಾರಿಸಿದಳು. ನ್ಯಾಯವೇ ಬಿಡಿ.

“ಅಯ್ಯೋ ಮುಠ್ಠಾಳ! ಅಂಗಡಿ ಒಡೆದ್ರೆ ನಾನೆಲ್ಲಿ ಕೂತು ಹೊಲೀಲಿ? ನಡಿ, ನಿನ್ನ ಅಧ್ಯಕ್ಷರ ಹತ್ರ!”

ಆ ಕೂಗು ಬೀದಿಗೆಲ್ಲ ಕೇಳಿತು. ಉಳಿದ ಹತ್ತು ಅಂಗಡಿಯವರೂ ನಮ್ಮ ಹಿಂದೆ ಬಂದರು.

ಅಕ್ಕ ಅಧ್ಯಕ್ಷರ ಮೇಜಿನ ಮೇಲೆ ಖಾಲಿ ಚೀಟಿಗಳ ಕಟ್ಟು ಇಟ್ಟಳು. “ಸಾರ್, ಅರವತ್ತು ಜನರ ಬಟ್ಟೆ ನನ್ನ ಹತ್ರ ಇದೆ. ಎಲ್ಲಿಗೆ, ಯಾವತ್ತು ಬಂದು ಇಸ್ಕೊಳ್ಳಿ ಅಂತ ಬರೀಲಿ?”

“ಸೂಕ್ತ ಸಮಯದಲ್ಲಿ ಪರ್ಯಾಯ ವ್ಯವಸ್ಥೆ...”

“ಹಾಗೇ ಬರೀತೀನಿ. ಮೊದಲ ಚೀಟಿ ನಿಮ್ಮ ಮನೆಯವರದ್ದೇ. ಅವರ ಐದು ಬಟ್ಟೆ ಇದೆ.”

ಅಧ್ಯಕ್ಷರು ಬೆವರಿದರು. ಮನೆಯಲ್ಲಿ ಅವರಿಗೆ ಭಾಷಣ ಬರೆದುಕೊಡಲು ನಾನಿರುವುದಿಲ್ಲವಲ್ಲ!

“ಈ ಕಟ್ಟಡದ ಕೆಳಗೇ ಹನ್ನೆರಡು ಮಳಿಗೆ ಬೀಗ ಹಾಕಿ ಬಿದ್ದಿವೆ,” ಎಂದಳು ಅಕ್ಕ.

ಅವರು ಪೆನ್ನು ತೆಗೆದು ತಾವೇ ಬರೆದರು: ‘ಪುರಸಭೆ ಕಟ್ಟಡ, ಒಂದನೇ ಮಳಿಗೆ, ಶುಕ್ರವಾರ.’ ಕೆಳಗೆ ಸಹಿ. ಅಕ್ಕ ಚೀಟಿ ಎತ್ತಿಕೊಂಡಳೇ ಹೊರತು ಜಾಗ ಬಿಟ್ಟು ಕದಲಲಿಲ್ಲ. ಹಿಂದೆ ಹತ್ತು ಮಂದಿ ನಿಂತಿದ್ದರು.

ಅಧ್ಯಕ್ಷರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಇವರಿಗೆ ಏನಾದ್ರೂ ಚೆನ್ನಾಗಿ ಹೇಳಿ ಕಳಿಸಯ್ಯ.”

ಬಾಯಿ ತೆರೆದೆ. ಒಳ್ಳೊಳ್ಳೆ ಪದಗಳು ನಾಲಿಗೆ ತುದಿಯಲ್ಲೇ ಇದ್ದವು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇನ್ನೂ ಹತ್ತು ಮಳಿಗೆ ಬೀಗ ತೆಗೆಸಿ ಸಾರ್,” ಎಂದೆ. “ಭಾನುವಾರದೊಳಗೆ.”